ಮೈಲವ್ವನ ಮೊಣಕಾಲ ನೀರು

ಬ್ಯಾಡಗಿ
೧೪ ಸೆಪ್ಟೆಂಬರ್ ೨೦೦೮

ಚಿರಂಜೀವಿ ವಿಜಯೇಂದ್ರನಿಗೆ ಅಕ್ಕ ಮೃಣಾಲಿನಿಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಕ್ಷಮೆ ಕೇಳಬೇಕು, ಆದರೆ ಆರು ತಿಂಗಳು ತಡಮಾಡಿದವನ ಹತ್ತಿರ ಕೇಳಲು ಮನಸ್ಸಿಲ್ಲ. "ಹತ್ತೂ ಮಾದರಿ ಕೆಟ್ಟಿವೆ, ಕೈಬಿಟ್ಟಿದ್ದೇನೆ" ಎಂದು ಒಂದೇ ಸಾಲು ಬರೆದಿದ್ದೀಯ. ಅದರ ಕೆಳಗೆ ಮಗಳ ಹುಟ್ಟುಹಬ್ಬದ ಸುದ್ದಿ ಒಂದು ಪುಟ.

ಸಂಕ್ರಾಂತಿಗೆ ಬಂದಾಗ ನಮ್ಮ ಅಡುಗೆಮನೆಯಲ್ಲಿ ಕುಳಿತು ನಿನ್ನ ಪ್ರಬಂಧದ ಸಂಶೋಧನೆಯನ್ನು ನೀನೇ ವಿವರಿಸಿದ್ದೆ. ಕೀಲಿನ ನೀರಿನಲ್ಲಿ ಜೀವಕೋಶಗಳು ಉದುರಿಸಿದ ಕಣ್ಣಿಗೆ ಕಾಣದ ಚೀಲಗಳು ತೇಲುತ್ತವೆ, ಅವು ಯಾವ ಕೋಶದವು ಎಂದು ನೋಡಿದರೆ ಇದು ಬರೀ ಸವೆತವೋ, ಬೆರಳು ತಿರುಚುವ ಸಂಧಿವಾತವೋ ಮುಂಚೆಯೇ ತಿಳಿಯಬಹುದು ಎಂದೆ. "ಹತ್ತು ಮಂದಿದು ಬೇಕ ಬೇಕು ಅಕ್ಕಾ, ಒಂಬತ್ತಾದ್ರ ನಮ್ಮ ಸರ್ ಒಪ್ಪಂಗಿಲ್ಲ" ಎಂದೆ. ನಮ್ಮ ಆಸ್ಪತ್ರೆಗೆ ಮೊಣಕಾಲು ಬಾತು ಬರುವವರು ಹೆಚ್ಚಾಗಿ ದಿನವಿಡೀ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ಡಾಕ್ಟರು ತೆಗೆದ ನೀರಿನಲ್ಲಿ ಒಂದು ಪಾಲು ಅವರನ್ನು ಕೇಳಿ ನಿನಗಾಗಿ ಎತ್ತಿಟ್ಟೆ.

ಕೆಡಿಸಿದವಳು ನಾನೇ. ನಮ್ಮ ಲ್ಯಾಬಿನ ಫ್ರಿಜ್ ಕೆಟ್ಟು ಕುಳಿತಿತ್ತು. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಭರಮಣ್ಣ ಜಾಗ ಕೊಟ್ಟ. ಮೊದಲು ಯಂತ್ರದಲ್ಲಿ ತಿರುಗಿಸಿ ಕೋಶಗಳನ್ನು ಬೇರ್ಪಡಿಸಲೋ, ಹಾಗೆಯೇ ಇಡಲೋ ಎಂದು ನಾನು ಅನುಮಾನಿಸುತ್ತಿದ್ದಾಗ ಅವನೆಂದ: "ತೊಟ್ಟಿನ ಸಮೇತ ಇಟ್ರ ಕಾಯಿ ಬಣ್ಣ ಬಿಡಂಗಿಲ್ರಿ ಅಕ್ಕಾರ, ಬಿಡಿಸಿಟ್ರ ಲಗೂ ಕೆಡತೈತಿ." ಇಪ್ಪತ್ತು ವರ್ಷ ಈ ಊರಲ್ಲಿ ಬಾಳಿದವಳಿಗೆ ಅದೇ ಸರಿ ಎನಿಸಿತು. ಕೋಶಗಳ ಸಮೇತ ಒಂಬತ್ತು ದಿನ ಇಟ್ಟು ಪುಣೆಗೆ ನಿನಗೆ ಕಳಿಸಿದೆ. ಅವು ಒಡೆದು, ಚೂರುಗಳೆಲ್ಲ ನಿನ್ನ ಚೀಲಗಳ ಜೊತೆ ಬೆರೆತವು. ಒಪ್ಪಿದೆ. ಆದರೆ ಇದು ನಿನಗೆ ಮಾರ್ಚಿನಲ್ಲೇ ಗೊತ್ತಾಗಿತ್ತು. ನಾಲ್ಕು ಸಲ ಫೋನ್ ಮಾಡಿದಾಗಲೂ "ನೋಡಾಕತ್ತೇವಿ ಅಕ್ಕಾ" ಎಂದೆಯೇ ಹೊರತು ಬಾಯಿ ಬಿಡಲಿಲ್ಲ.

ಆ ಹತ್ತರಲ್ಲಿ ಮೈಲವ್ವ ಒಬ್ಬಳು. ಐರಣಿಯ ಕಡೆಯವಳು, ನಲವತ್ತು ದಾಟಿಲ್ಲ. ಫೆಬ್ರವರಿಯಲ್ಲಿ ಅವಳಿಗೆ ಮೊಣಕಾಲಷ್ಟೇ ಬಾತಿತ್ತು. ನಿನ್ನ ವರದಿ ಬರಲೆಂದು ಬೇರೆಲ್ಲೂ ತೋರಿಸದೆ ಕಾದಳು. ಪ್ರತಿ ಸೋಮವಾರ ಲ್ಯಾಬಿನ ಬಾಗಿಲಲ್ಲಿ ನಿಂತು, "ಪುಣೇದಿಂದ ಏನರ ಬಂತೇನ್ರಿ?" ಎನ್ನುವಳು. ಜೂನಿನಲ್ಲಿ ಬೆರಳ ಗೆಣ್ಣುಗಳು ಬಾತವು. ಈಗ ಬಲಗೈ ಬೆರಳು ಓರೆಯಾಗಿವೆ, ತೊಟ್ಟು ಹಿಡಿಯಲಾಗುವುದಿಲ್ಲ. ಕೊನೆಗೆ ನಾನೇ ಹುಬ್ಬಳ್ಳಿಗೆ ಕರೆದೊಯ್ದೆ. ಸಂಧಿವಾತವಂತೆ. ಆರು ತಿಂಗಳ ಹಿಂದೆಯೇ ಗುಳಿಗೆ ಶುರುವಾಗಿದ್ದರೆ ಕೈ ಉಳಿಯುತ್ತಿತ್ತು ಎಂದರು.

ನಿನ್ನ ಸಾಲನ್ನು ಅವಳಿಗೆ ಓದಿ ಹೇಳಿದೆ. ಸಿಟ್ಟಾಗಲಿಲ್ಲ. "ಹಂಗಾರ ನನ್ನ ನೀರು ಚೆಲ್ಯಾರೇನ್ರಿ?" ಎಂದಷ್ಟೇ ಕೇಳಿದಳು. ನನಗೆ ಮಾತ್ರ ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಮಗಳಿಗೆ ನನ್ನ ಮುದ್ದು. ನಿನ್ನ ಪ್ರಬಂಧ ಮುಗಿಯಲಿ, ಹೆಸರು ಬರಲಿ. ನನ್ನನ್ನು ಇನ್ನೊಮ್ಮೆ ನೀರು ಕೇಳಬೇಡ.

ನಿನ್ನ ಅಕ್ಕ,
ಮೃಣಾಲಿನಿ

ತಾ.ಕ.: ನೀರು ಕೊಡುವವರಿಗಾಗಿ ನೀನು ಕಳಿಸಿದ್ದ ಒಪ್ಪಿಗೆಪತ್ರದ ಕೊನೆಯಲ್ಲಿ, ಇದು ಸಂಶೋಧನೆ ಮಾತ್ರ, ಇದನ್ನು ನಂಬಿ ಯಾರೂ ಚಿಕಿತ್ಸೆ ನಿಲ್ಲಿಸಬಾರದು ಎಂದಿತ್ತು. ಒಂಬತ್ತು ಜನರಿಗೆ ಓದಿ ಹೇಳಿದೆ. ಮೈಲವ್ವನಿಗೆ ಓದಲಿಲ್ಲ. ಅವಳು ಅವತ್ತು ಹುಬ್ಬಳ್ಳಿಗೆ ಹೊರಟಿದ್ದಳು, ಹೋಗಿದ್ದರೆ ನೀರು ಅಲ್ಲೇ ತೆಗೆಯುತ್ತಿದ್ದರು. ನಿನಗೆ ಹತ್ತು ಬೇಕಿತ್ತು. "ಅಲ್ಲಿಗ್ಯಾಕ, ನನ್ನ ತಮ್ಮ ಪುಣೇದಿಂದ ಎಲ್ಲಾ ಹೇಳ್ತಾನ" ಎಂದು ಅವಳ ಕೈಯಿಂದ ಚೀಲ ತೆಗೆದು ಕೆಳಗಿಟ್ಟವಳು ನಾನು.