ಕರೆಂಟು ಪುಕ್ಕಟೆಯಾದ ಭಾನುವಾರ

ಪೊಲ್ವಾ,
ಸೋಮವಾರ, ಮಾರ್ಚ್ ೯

ಪ್ರೀತಿಯ ಹೆಡಿಯಕ್ಕಾ,

ನಿನ್ನೆ ನಮ್ಮಲ್ಲಿ ಕರೆಂಟು ಪುಕ್ಕಟೆ, ಅಕ್ಕಾ! ಪುಕ್ಕಟೆ ಅಂದರೂ ಕಡಿಮೆಯೇ, ದರ ಸೊನ್ನೆಗಿಂತ ಕೆಳಗಿಳಿದು ಉರಿಸಿದವರಿಗೇ ಎದುರು ದುಡ್ಡು ಕೊಡುವಂತಾಗಿತ್ತು. ಶನಿವಾರ ಮಧ್ಯಾಹ್ನ ಮಾರನೆಯ ದಿನದ ದರ ಫೋನಿಗೆ ಬಂದದ್ದೇ ತಡ, ಊರಿಗೆ ಊರೇ ಹಬ್ಬಕ್ಕೆ ಎದ್ದು ನಿಂತಿತು. ಕರೆಂಟು ತರುವ ತಂತಿಯ ಬಾಡಿಗೆ ಬೇರೆ ಇದೆಯಲ್ಲ, ಅದನ್ನು ಯಾರೂ ನೆನೆಯಲಿಲ್ಲ. ಭಾನುವಾರ ಬೆಳಗಾಗುವ ಹೊತ್ತಿಗೆ ಎಲ್ಲರ ಮನೆಯಿಂದಲೂ ಏಲಕ್ಕಿ ಬನ್ನಿನ ವಾಸನೆ. ಪಕ್ಕದ ಮನೆಯ ಎಲ್ವಿ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಹೊರಗೆ ಹಿಮ ಬೀಳುತ್ತಿದ್ದರೂ ತೋಳಿಲ್ಲದ ಅಂಗಿಯಲ್ಲಿ ನಿಂತು, "ನೋಡೇ ಕೆರ್ಲಿ, ನಾನೀಗ ಸ್ಪೇನ್‌ನಲ್ಲಿದೀನಿ!" ಎಂದು ಕೂಗಿದಳು.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಮದುವೆಗೆ ನೀನು ಕೊಟ್ಟ ನೀಲಿ ಕಾಗದದ ಕಟ್ಟನ್ನು ಬಿಚ್ಚಿದ್ದೇ ಇವತ್ತು. "ಫೋನಲ್ಲಿ ಹರಟೋದಲ್ಲ, ಕೂತು ಬರೀಬೇಕು" ಎಂದು ನೀನು ಆಣೆ ಹಾಕಿಸಿಕೊಂಡಿದ್ದೆ. ಸೆಪ್ಟೆಂಬರಿನಿಂದ ಕೂರಲು ಪುರುಸೊತ್ತೇ ಆಗಿಲ್ಲ, ನಂಬು! ಹೊಸ ಹೆಂಡತಿಗೆ ಕಲಿಯುವುದು ಎಷ್ಟಿರುತ್ತದೆ! ಗಾಳಿ ಜೋರಾಗಿ ಬೀಸಿದರೆ ಸಮುದ್ರದ ಗಾಳಿಯಂತ್ರಗಳು ತಿರುಗಿ ದರ ಇಳಿಯುತ್ತದೆ, ಆಗ ಬಟ್ಟೆ ಒಗೆಯಬೇಕು, ರೊಟ್ಟಿ ಸುಡಬೇಕು. ಗಾಳಿ ನಿಂತು ಚಳಿ ಬಿಗಿದರೆ ಸಂಜೆ ದರ ಆಕಾಶಕ್ಕೇರುತ್ತದೆ, ಆಗ ಒಲೆ ಮುಟ್ಟಬಾರದು. ಇದನ್ನು ಕೇಳಿ ಹಿಲ್ಯಾ ಅತ್ತೆ, "ನಮ್ಮ ಕಾಲದಲ್ಲಿ ಗಾಳಿ ಬಂದ್ರೆ ಬಟ್ಟೆ ಒಣಗಿಸ್ತಿದ್ವಿ, ನೀವು ಒಗೀತೀರಿ. ಒಣಗ್ಸೋದು ಯಾವಾಗ್ರೇ?" ಎಂದು ನಕ್ಕರು.

ಅತ್ತೆ ಈ ಮನೆಯಲ್ಲಿಲ್ಲ, ನಿನಗೆ ಹೇಳಿರಲಿಲ್ಲ ಅಲ್ಲವೇ? ಅಂಗಳದಾಚೆ ಹಬೆಸ್ನಾನದ ಹಳೆಯ ಸೌನಾ ಮನೆ ಇದೆಯಲ್ಲ, ಅದರ ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದಾರೆ. ನನ್ನ ಐಮರ್ ಮನೆಯೊಳಗಿನ ಸೌದೆಯ ಒಲೆ ಕೆಡವಿಸಿ ಹೀಟ್ ಪಂಪ್ ಹಾಕಿಸಿದ ವಾರವೇ ಅಲ್ಲಿಗೆ ಹೋದರಂತೆ. ಏಕೆ ಎಂದು ಕೇಳಿದರೆ, "ಉರಿ ಕಾಣದಿದ್ರೆ ನಂಗೆ ನಿದ್ದೆ ಹತ್ತಲ್ಲ ಕಣೇ" ಎನ್ನುತ್ತಾರೆ. ಈ ಕಾಗದವನ್ನು ನಾನು ಅಲ್ಲೇ, ಅವರ ಒಲೆಯ ಪಕ್ಕ ಕುಳಿತು ಬರೆಯುತ್ತಿದ್ದೇನೆ.

ನಮ್ಮ ಪಂಪ್ ಬಲು ಜಾಣ! ಹೊರಗಿನ ಚಳಿಯಿಂದಲೇ ಶಾಖ ಹೀರಿ ಒಳಗೆ ತರುತ್ತದೆ, ದರ ಏರಿದಾಗ ತಾನೇ ಸುಮ್ಮನಾಗುತ್ತದೆ. ಇನ್ನೂ ಜಾಣ ನನ್ನ ಗಂಡ. ಅವನು ಫಿನ್‌ಲ್ಯಾಂಡಿನಲ್ಲಿ ಮನೆ ಕಟ್ಟುವ ಕೆಲಸದಲ್ಲಿ ವಾರಗಟ್ಟಲೆ ಇರುತ್ತಾನೆ, ಆದರೂ ನಮ್ಮ ಪ್ರತಿ ಕೋಣೆಯ ಶಾಖ, ಕರೆಂಟಿನ ಖರ್ಚು ಎಲ್ಲ ಅವನ ಫೋನಿನಲ್ಲಿ ಕಾಣುತ್ತದೆ. ನಾನು ಮಲಗುವ ಕೋಣೆಯ ಕಿಟಕಿ ತೆರೆದರೆ ಸಾಕು, ಫೋನ್ ಬರುತ್ತದೆ: "ಏನ್ಮಾಡ್ತಿದೀಯಾ ಚಿನ್ನಾ, ಕೋಣೆ ತಣ್ಣಗಾಯ್ತಲ್ಲ?" ನಾನು ಸ್ನಾನಕ್ಕೆ ಇಳಿದದ್ದು, ಅಡುಗೆ ಮಾಡದೆ ಬರೀ ರೊಟ್ಟಿ ತಿಂದದ್ದು, ಎಲ್ಲವೂ ಅವನಿಗೆ ಗೊತ್ತು. ಮೊದಮೊದಲು ಎಷ್ಟು ಖುಷಿಯಾಗುತ್ತಿತ್ತು! ಸಮುದ್ರದಾಚೆ ಕುಳಿತು ನನ್ನ ಕೋಣೆ ಬೆಚ್ಚಗಿದೆಯೋ ಎಂದು ನೋಡುವ ಗಂಡ ಯಾರಿಗೆ ಸಿಗುತ್ತಾನೆ?

ಹೆಂಗಸರ ಹಾಡಿನ ತಂಡಕ್ಕೆ ಸೇರಿದ್ದೇನೆ, ಅದು ಎರಡನೆಯ ಖುಷಿಯ ಸುದ್ದಿ. ಊರಿನ ಸಭಾಮನೆಯನ್ನು ಚಳಿಗಾಲದಲ್ಲಿ ಕಾಯಿಸಲು ಆಗದು ಎಂದು ಬೀಗ ಹಾಕಿದ್ದಾರೆ, ಹಾಗಾಗಿ ಹಾಡಿನ ಹಬ್ಬದ ಅಭ್ಯಾಸ ಒಬ್ಬೊಬ್ಬರ ಮನೆಯಲ್ಲಿ. ಜನವರಿಯಲ್ಲಿ ನಮ್ಮ ಸರದಿ ಬಂತು. ಹೆಂಗಸರೆಲ್ಲ ಬಂದು, ಇನ್ನೂ ಎರಡನೆಯ ಹಾಡು ಮುಗಿದಿರಲಿಲ್ಲ, ಐಮರ್ ಫೋನ್ ಮಾಡಿದ: "ಮನೇಲಿ ಯಾರಿದಾರೆ? ನಡುಮನೆ ಎರಡು ಡಿಗ್ರಿ ಏರಿದೆ." ನಾವು ಹಾಡಿ ಹಾಡಿ ಮನೆ ಕಾಯಿಸಿದ್ದೆವು! ನಾನು ಅದನ್ನೇ ಹೇಳಿ ನಕ್ಕೆ. ಅವನು ನಗಲಿಲ್ಲ. "ನಂಗೆ ಹೇಳದೆ ಜನ ಸೇರಿಸ್ಬೇಡ" ಎಂದ. ಪಾಪ, ಒಬ್ಬನೇ ಅಷ್ಟು ದೂರ ಇರುತ್ತಾನಲ್ಲ, ಬೇಸರವಾಗಿರುತ್ತದೆ.

ನಿನ್ನೆ ಮಾತ್ರ ನಾನು ಅವನ ಮಾತು ಕೇಳಲಿಲ್ಲ. ಕರೆಂಟು ಪುಕ್ಕಟೆ ಇರುವಾಗ ಯಾರಿಗೇನು ನಷ್ಟ ಎಂದು ಎಲ್ಲರನ್ನೂ ಕರೆದೆ. ಏನಾಯಿತು ಗೊತ್ತೇ? ಅವರು ಬಂದು ಕುಳಿತ ಹೊತ್ತಿಗೇ ನಮ್ಮ ಪಂಪ್ ಕೆಟ್ಟುಹೋಯಿತು! ಊರೆಲ್ಲ ಬೆವರುವ ದಿನ ನಾವು ಕೋಟು, ಟೋಪಿ ತೊಟ್ಟು ಹಾಡಿದೆವು. ಮೇಲಿನ ಸ್ವರ ಹಿಡಿದಾಗ ಎಲ್ಲರ ಬಾಯಿಂದ ಒಟ್ಟಿಗೆ ಹಬೆ. ಎಲ್ವಿ, "ಅಯ್ಯೋ, ಈ ಹುಡುಗಿ ನಮ್ಮನ್ನ ಮೀನಿನ ಹಾಗೆ ಉಪ್ಪು ಹಾಕದೆ ಹೆಪ್ಪುಗಟ್ಟಿಸ್ತಾಳೆ!" ಎಂದಳು. ನಗು ತಡೆಯಲಾಗಲಿಲ್ಲ. ಕೊನೆಗೆ ಅತ್ತೆ ಬಂದು ಎಲ್ಲರನ್ನೂ ಸೌನಾಕ್ಕೆ ಕರೆದೊಯ್ದರು. ಒಬ್ಬರ ಮಡಿಲಲ್ಲಿ ಒಬ್ಬರು ಕುಳಿತು ಕೊನೆಯ ಹಾಡು ಹಾಡಿದೆವು.

ಕ್ರಿಸ್‌ಮಸ್‌ಗೆ ನೀನು ಕರೆದೆ, ಫೆಬ್ರವರಿಯಲ್ಲಿ ಮತ್ತೆ ಕರೆದೆ, ನಾನು ಬರಲಿಲ್ಲ ಎಂದು ನಿನಗೆ ಸಿಟ್ಟಿದೆ. ಬರಬೇಕೆಂದು ಎರಡು ಸಲವೂ ಚೀಲ ತುಂಬಿದ್ದೆ. "ಚಳೀಲಿ ಮನೆ ಖಾಲಿ ಬಿಟ್ರೆ ಪೈಪು ಹೆಪ್ಪುಗಟ್ಟಿ ಒಡೆಯುತ್ತೆ, ಯಾರಾದ್ರೂ ಇರ್ಬೇಕು" ಎಂದ ಐಮರ್. ಪಂಪ್ ಹೊಸತು, ನಾನೂ ಹೊಸಬಳು, ಅವನು ಹೇಳುವುದೂ ಸರಿಯೇ ಎನ್ನಿಸಿತು.

ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಮುತ್ತು. ಚಿಕ್ಕವನ ಹೊಸ ಹಲ್ಲು ಮೂಡಿತೇ? ಎಲ್ಲರೂ ಬೆಚ್ಚಗಿರಿ, ಅದಕ್ಕಿಂತ ದೊಡ್ಡ ಹಾರೈಕೆ ಈಗ ನನಗೆ ತೋಚುತ್ತಿಲ್ಲ.

ನಿನ್ನ ಪುಟ್ಟ ತಂಗಿ,
ಕೆರ್ಲಿ

ಮರೆತದ್ದು: ಮರೆತದ್ದಲ್ಲ, ಅಕ್ಕಾ. ಬರೆಯಲು ಆಗದೆ ಬಿಟ್ಟದ್ದು. ಪಂಪ್ ಕೆಟ್ಟಿರಲಿಲ್ಲ. ಎಲ್ವಿಗೆ ನಾನು ಸುಳ್ಳು ಹೇಳಿದೆ, ಮೇಲೆ ನಿನಗೂ ಅದನ್ನೇ ಬರೆದೆ. ಎಲ್ಲರೂ ಕೋಟು ತೊಡುತ್ತಿದ್ದಾಗ ನನ್ನ ಫೋನಿಗೆ ಐಮರ್‌ನ ಸಂದೇಶ ಬಂತು: "ಅವರು ಹೋದ್ಮೇಲೆ ಪಂಪ್ ಹಾಕ್ತೀನಿ." ಗೋಡೆಯ ಮೇಲಿನ ಗುಂಡಿ ಒತ್ತಿದೆ, ಅದು ಗುಪ್ತಸಂಖ್ಯೆ ಕೇಳಿತು. ಅದು ಅವನೊಬ್ಬನಿಗೇ ಗೊತ್ತು. ಇಷ್ಟು ತಿಂಗಳು ಸಂಜೆಯ ಚಳಿಗೆಲ್ಲ ದರವೇ ಕಾರಣ ಎಂದುಕೊಂಡಿದ್ದೆ. ನಿನ್ನೆ ದರವೇ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆಗೆ ಆ ಸಂದೇಶ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಒಲೆಗೆ ಇನ್ನೊಂದು ಸೌದೆ ಇಟ್ಟರು. ಆಮೇಲೆ ಹೇಳಿದರು: "ಇವನಪ್ಪ ಸೌದೆ ಕೊಟ್ಟಿಗೆಗೆ ಬೀಗ ಹಾಕಿ ಕೀಲಿಕೈ ಜೇಬಲ್ಲಿಟ್ಕೊಂಡು ಕೆಲಸಕ್ಕೆ ಹೋಗ್ತಿದ್ದ. ನಾನು ಮಗೂನ ಮೈಗೆ ಒತ್ಕೊಂಡು ಕೂತಿರ್ತಿದ್ದೆ. ಆ ಮಗು ಇವನೇ ಕಣೇ. ನೀನು ಹೋಗು. ಪೈಪು ನಾನು ನೋಡ್ಕೋತೀನಿ, ಒಡೆದ್ರೆ ಒಡೀಲಿ."

ಈ ಕಾಗದವನ್ನು ಅವರೇ ಅಂಚೆಗೆ ಹಾಕುತ್ತಾರೆ. ನೀನು ಫೋನ್ ಮಾಡಬೇಡ, ಉತ್ತರವನ್ನೂ ಬರೆಯಬೇಡ, ಸುಮ್ಮನೆ ನಿಮ್ಮ ಟ್ಯಾಲಿನ್ ನಿಲ್ದಾಣಕ್ಕೆ ಬಾ. ಮನೆಯ ಶಾಖ ಇಳಿಯದಂತೆ, ಅವನಿಗೆ ತಿಳಿಯದಂತೆ, ನಾನು ಹೊರಡುವ ದಿನ ಅತ್ತೆ ನನ್ನ ಹಾಸಿಗೆಯಲ್ಲಿ ಮಲಗಿರುತ್ತಾರೆ. ಶುಕ್ರವಾರ, ಪೊಲ್ವಾದಿಂದ ಬೆಳಗಿನ ಮೊದಲ ರೈಲು, ಟಾರ್ಟುವಿನಲ್ಲಿ ಬದಲಿಸಿ ಮಧ್ಯಾಹ್ನಕ್ಕೆ ಟ್ಯಾಲಿನ್ ಸೇರುವ, ಚಿಕ್ಕವನು 'ಗಜ್ಜರಿ' ಎಂದು ಕೂಗುವ ಆ ಕಿತ್ತಳೆ ರೈಲು.