ಓಬಳಯ್ಯನನ್ನು ಮತ್ತೆ ಸ್ಟೇರಿಂಗಿಗೆ ಕೂರಿಸಿದ್ದು

೧೯-೧-೧೯೯೮, ಬೆಳಿಗ್ಗೆ

ಫಸ್ಟ್ ಟ್ರಿಪ್ ಹೊರಟಿತು. ಅಮೃತೂರು – ಕುಣಿಗಲ್ – ತುಮಕೂರು. ಮುಂದಿನ ಗಾಜು ಹೊಸದು, ಬಂಪರ್ ಸೊಟ್ಟಗೇ ಇದೆ. ಹೆಬ್ಬೂರಿನ ಹತ್ತಿರದ ತಿರುವಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಸೈಕಲ್ಲಿನವನು ನಮ್ಮ ಬಸ್ಸಿಗೆ ಸಿಕ್ಕಿ ಸತ್ತ ಮೇಲೆ ಇವತ್ತೇ ಮೊದಲು ಗಾಡಿ ರಸ್ತೆಗಿಳಿದದ್ದು. ಡ್ರೈವರ್ ಓಬಳಯ್ಯನನ್ನು ಜನ ದೊಣ್ಣೆಯಲ್ಲಿ ಬಡಿದಿದ್ದರು. ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿಲ್ಲ.

"ಅಮ್ಮಾವ್ರೆ, ಒಂದ್ ತಿಂಗ್ಳು ಬುಡಿ. ಶೆಡ್ಡಲ್ಲೇ ಏನಾರ ಮಾಡ್ಕೊಂಡಿರ್ತೀನಿ."

"ಇವತ್ತು ಹತ್ತದಿದ್ರೆ ಯಾವತ್ತೂ ಹತ್ತಲ್ಲ. ಕೂತ್ಕೋ."

ತೀರಿಹೋದ ನಮ್ಮ ಯಜಮಾನರು ಬಸ್ ನಡೆಸುತ್ತಿದ್ದ ಕಾಲದಿಂದ ನಮ್ಮಲ್ಲಿ ಇದೇ ಪದ್ಧತಿ. ಆಕ್ಸಿಡೆಂಟ್ ಮಾಡಿದವನೇ ಬೂದುಗುಂಬಳಕಾಯಿ ಒಡೆಯಬೇಕು. ಅದೇ ಗಾಡಿ, ಅದೇ ರೂಟು, ಅವನೇ ಓಡಿಸಬೇಕು. ಭಯ ಬಿಡುತ್ತದೆ. ಕುಂಕುಮ ತುಂಬಿದ ಕಾಯಿ ಟಾರಿನ ಮೇಲೆ ಒಡೆದು ಕೆಂಪು ಹರಡಿತು. ಓಬಳಯ್ಯ ಮುಂದಿನ ಚಕ್ರ ಹಿಡಿದುಕೊಂಡು ವಾಂತಿ ಮಾಡಿದ. ಕ್ಲೀನರ್‌ಗಳು ನಕ್ಕರು. ಗದರಿಸಿದೆ — ಅವರನ್ನಲ್ಲ, ಅವನನ್ನು.

೨೭-೧

ಕಂಡಕ್ಟರ್ ಅತೀಕ್ ಬಂದು ಹೇಳಿದ. ಆ ತಿರುವಿನಲ್ಲಿ ಖಾಲಿ ರಸ್ತೆಗೆ ಬ್ರೇಕ್ ಹೊಡೆದನಂತೆ ಓಬಳಯ್ಯ. ಒಬ್ಬಾಕೆ ಕಂಬಿಗೆ ಬಡಿದು ಹಲ್ಲು ಮುರಿದುಕೊಂಡಳು. ಸೀಟೆಲ್ಲ ರಕ್ತ.

ಶೆಡ್ಡಿಗೆ ಕರೆಸಿದೆ. ಬಾಯಿ ಮೂಸಿದೆ. ಕುಡಿದಿಲ್ಲ.

"ಸೈಕಲ್ ಅಡ್ಡ ಬಂತು ಅಮ್ಮಾವ್ರೆ."

"ಯಾವ ಸೈಕಲ್ಲೋ?"

ಎಲ್ಲರ ಎದುರಿಗೇ ಕೆನ್ನೆಗೆ ಬಾರಿಸಿದೆ. ಹುಬ್ಬಿನ ಗಾಯ ಬಿಚ್ಚಿಕೊಂಡು ರಕ್ತ ಕಣ್ಣಿಗಿಳಿಯಿತು. ಒರೆಸಿಕೊಳ್ಳದೆ ಸೆಕೆಂಡ್ ಟ್ರಿಪ್ಪಿಗೆ ಹತ್ತಿದ. ಗಂಡಸು ಅಂದರೆ ಹೀಗಿರಬೇಕು.

೬-೨

ಓಬಳಯ್ಯನ ಹೆಂಡತಿ ನರಸಿಂಹಮ್ಮ ಬಂದಿದ್ದಳು. ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. ನೀಲಿಗಟ್ಟಿದ ಬೆರಳಿನ ಗುರುತು.

"ನಿದ್ದೆಗಣ್ಣಲ್ಲಿ ಹಿಸುಕ್ತಾರೆ ಅಮ್ಮಾವ್ರೆ. ಎಚ್ಚರ ಆದ್ಮೇಲೆ ಗೋಡೆಗೆ ತಲೆ ಚಚ್ಕೊಂತಾರೆ. ರಜಾ ಕೊಡಿ, ಬೆಂಗ್ಳೂರಲ್ಲಿ ನಿಮ್ಹಾನ್ಸ್‌ಗೆ ತೋರಿಸ್ತೀನಿ."

"ಅಲ್ಲಿಗೆ ಹೋಗಿಬಂದೋನ ಕೈಗೆ ಯಾವ ಓನರ್ ಬಸ್ ಕೊಡ್ತಾನೆ ಕಣೇ? ಹೊಟ್ಟೆಗೇನ್ ತಿಂತೀರ?"

"ಅವ್ರ್ ಬದುಕಿದ್ರೆ ತಾನೇ ಹೊಟ್ಟೆ ಮಾತು."

ಎದುರುತ್ತರ. ಕಾಫಿ ಕೊಟ್ಟು ಕಳಿಸಿದೆ. ಲೋಟ ಮುಟ್ಟದೆ ಹೋದಳು. ಕೊಬ್ಬು.

೨೩-೨, ಸಂಜೆ

ತುಮಕೂರು ಸ್ಟ್ಯಾಂಡಿನಲ್ಲಿ ಹೊಡೆದಾಟ. ಇದೇ ರೂಟಿನ ಎದುರು ಪಾರ್ಟಿ ಬಸ್ಸಿನ ಕಂಡಕ್ಟರ್, "ಏನ್ಲಾ ಯಮರಾಯ, ಇವತ್ತು ಯಾರ್ ಪಾಳಿ?" ಅಂದನಂತೆ. ಓಬಳಯ್ಯ ಜಾಕ್ ರಾಡ್ ತೆಗೆದು ಬೀಸಿದ. ದವಡೆ ಮುರಿಯಿತು. ಬಿದ್ದವನ ತಲೆಯ ಮೇಲೆ ಮತ್ತೆ ಎತ್ತಿದನಂತೆ. ಅತೀಕ್ ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ...

ಠಾಣೆಗೆ ನಾನೇ ಹೋದೆ. ಬಯ್ಯಬೇಕೆಂದೇ ಹೋದದ್ದು. ಮೂಲೆಯಲ್ಲಿ ಮುದುಡಿ ಕೂತಿದ್ದ.

"ಏನಾಗ್ತಿದೆಯೋ ನಿಂಗೆ?"

"ಆ ಸೈಕಲ್ಲೋನು ತಕ್ಷಣ ಸಾಯ್ಲಿಲ್ಲ ಅಮ್ಮಾವ್ರೆ. ಚಕ್ರದಡೀಲಿ ನೀರ್ ಕೇಳ್ದ. ಬಾಟ್ಲಿ ತಗೊಂಡೆ. ಅಷ್ಟ್ರಲ್ಲಿ ಜನ ನನ್ನ ಎಳ್ಕೊಂಡ್ರು. ಅವ್ರು ಬಡೀತಾನೇ ಇದ್ರು, ಅವ್ನು ಕೇಳ್ತಾನೇ ಇದ್ದ. ಈಗ್ಲೂ ಕೇಳ್ತಾನೆ. ಆ ತಿರುವಲ್ಲಿ. ಹೋಗ್ತಾನೂ ಬರ್ತಾನೂ."

ಹೊರಗೆ ಬಂದು ಜಾಮೀನಿಗೆ ವಕೀಲರನ್ನು ಹುಡುಕಿದೆ.

೨೫-೨

ಜಾಮೀನಾಯಿತು. ನಾಳೆ ಬೆಳಿಗ್ಗೆ ಅವರಿಬ್ಬರನ್ನೂ ನಾನೇ ಬೆಂಗಳೂರಿಗೆ ಕರೆದುಕೊಂಡು ಹೋಗ್ತೀನಿ. ವಾಸಿಯಾಗುವವರೆಗೆ ಸಂಬಳ ನಿಲ್ಲಲ್ಲ, ಆಮೇಲೂ ಕೆಲಸ ನಮ್ಮಲ್ಲೇ. ಶೆಡ್ಡಿನಲ್ಲಿ ಎಲ್ಲರ ಎದುರಿಗೆ ಹೇಳಿದೆ. ಹೊಡೆದದ್ದೂ ಎಲ್ಲರ ಎದುರಿಗೇ ಅಲ್ಲವೆ.

ಮಗ ಚನ್ನೇಶ ಮನೆಗೆ ಬಂದು ಕೂಗಾಡಿದ. "ಒಬ್ಬನಿಗೆ ತಲೆ ಸರಿಯಿಲ್ಲ ಅಂತ ಸಂಬಳ ಕೊಟ್ಟು ಕೂರಿಸಿದ್ರೆ ನಾಳೆ ಎಲ್ಲರ ತಲೇನೂ ಕೆಡುತ್ತಮ್ಮ. ಬಸ್ ಯಾರ್ ಓಡಿಸ್ತಾರೆ, ನೀನಾ?"

"ನಿಲ್ಸು."

"ಬಸ್ ನಿಂತ್ರೆ ನಮ್ ಪರ್ಮಿಟ್ ಟೈಮಿಂಗು ಎದುರು ಪಾರ್ಟಿಗೆ ಹೋಗುತ್ತೆ."

"ಹೋಗ್ಲಿ ಬಿಡೋ."

ಊಟದ ತಟ್ಟೆಯನ್ನು ಗೋಡೆಗೆ ಎಸೆದು ಎದ್ದು ಹೋದ.

೨೬-೨, ಬೆಳಿಗ್ಗೆ

ಬ್ಯಾಗ್ ಕಟ್ಟಿ ಕೂತಿದ್ದೆ. ನರಸಿಂಹಮ್ಮ ಒಬ್ಬಳೇ ಬಂದಳು.

"ನೀವೇ ಹೇಳ್ಕಳಿಸಿದ್ರಂತೆ. ಬೆಂಗ್ಳೂರು ನಾಳೆ ನೋಡೋಣ, ಇವತ್ತೊಂದ್ ಟ್ರಿಪ್ ಹೊಡೀಲಿ ಅಂತ. ಕ್ಲೀನರ್ ಬಂದಿದ್ದ. ನಿಮ್ ಹೆಸ್ರು ಕೇಳಿದ್ದೇ ಎದ್ದು ಹೊರಟ್ರು."

ನಾನು ಹೇಳಿಲ್ಲ.

ಚನ್ನೇಶನ ರೂಮಿನ ಬಾಗಿಲು ಒದ್ದು ತೆಗೆದೆ. "ಒಂದೇ ಟ್ರಿಪ್ಪಮ್ಮ" ಅಂದ, ಹಾಸಿಗೆಯ ಮೇಲೇ ಕೂತು. ಕೈಗೆ ಸಿಕ್ಕ ಹಿತ್ತಾಳೆ ಚೊಂಬಿನಲ್ಲಿ ಹೊಡೆದೆ. ಹಣೆ ಸೀಳಿತು. ಹೆತ್ತ ಮಗ. ಇನ್ನೊಂದು ಹೊಡೆದೆ.

"ಜೀಪ್ ತೆಗಿ. ತಿರುವಿಗಿಂತ ಮುಂಚೆ ಬಸ್ ನಿಲ್ಸು. ನಿಲ್ಸದೆ ಈ ಮನೆಗೆ ಬರಬೇಡ."

ರಕ್ತ ಸುರಿಸಿಕೊಂಡೇ ಹೋದ.

ನರಸಿಂಹಮ್ಮ ಜಗಲಿಯಲ್ಲಿ ಕೂತಿದ್ದಾಳೆ. ಒಳಗೆ ಬಾ ಅಂದರೆ ಬರಲ್ಲ. ಇವತ್ತು ಕಳಿಸಿದ್ದು ನಾನಲ್ಲ ಕಣೇ ಅಂದೆ. ನನ್ನ ಮುಖ ನೋಡಿದಳು.

"ಇಷ್ಟ್ ದಿನ ಕಳಿಸಿದ್ದು?"

ಕೈ ಸುಮ್ಮನಿರದೆ ಬರೀತಿದ್ದೀನಿ.

ಜೀಪು ಬಂತು. ಚನ್ನೇಶ ಇಳಿದ, ಮುಖ ಈ ಕಡೆ ತಿರುಗಿಸ್ತಿಲ್ಲ. ಅತೀಕ್ ಇಳಿದ. ಅಂಗಿಯೆಲ್ಲ ರಕ್ತ, ಅವನದಲ್ಲ, ನೆಟ್ಟಗೆ ನಡೀತಿದ್ದಾನೆ. ಹಿಂದಿನ ಸೀಟಿನಲ್ಲಿ ಓಬಳಯ್ಯನನ್ನು ಮಲಗಿಸಿದ್ದಾರೆ, ಮುಖದ ಮೇಲೆ ಟವೆಲ್. ಆ ಬಾಗಿಲು ಯಾರೂ ತೆಗೀತಿಲ್ಲ. ನರಸಿಂಹಮ್ಮ ಎದ್ದು