ಏಳನೇ ಗವಿಯ ಬಾಗಿಲಲ್ಲಿ

ಶಿರಾ
13 ಜುಲೈ 2025, ಭಾನುವಾರ

ಪ್ರೀತಿಯ ಶರಣ್ಯಾ,

ಹೇಗಿದ್ದೀಯೇ? ಅಮ್ಮನ ಮಂಡಿನೋವು ಹೇಗಿದೆ? ಎರಡು ವರ್ಷ ಸುಮ್ಮನಿದ್ದವಳಿಗೆ ದಿಢೀರನೆ ಏನು ಬಂತು ಅಂತ ಮೂಗು ಮುರಿಯಬೇಡ. ನನ್ನ ಫೋನನ್ನಂತೂ ನೀನು ಎತ್ತುವುದಿಲ್ಲ, ಕುತೂಹಲಕ್ಕಾದರೂ ಪತ್ರ ಒಡೆಯುತ್ತೀಯ ಎಂದು ಧೈರ್ಯ ಮಾಡಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು. ಕೊರಟಗೆರೆಯ ಸ್ಕೂಲಿನಲ್ಲಿ ಟೀಚರ್ ಆಗಿದ್ದೀಯ ಎಂದು ಬೇರೆಯವರ ಬಾಯಿಂದ ಕೇಳಿದೆ.

ಈಗ ಸುದ್ದಿ ಕೇಳು. ಬಂತು ಕಣೇ! ‘ಏಳುಗವಿ’ಯ ಏಳನೇ ಪುಸ್ತಕ, ಕೊನೆಯದು, ಬಂದೇಬಿಟ್ಟಿತು! ಪಿಯುಸಿಯಿಂದ ನಾವಿಬ್ಬರೂ ಕಾದ ಪುಸ್ತಕ, ಐನೂರ ಎಂಬತ್ತು ಪುಟ. ಕವರ್ ಮೇಲೆ ನಮ್ಮ ಚಿತ್ತಾರಿ ಬಂಡೆಗೆ ಕಿವಿಯಿಟ್ಟು ನಿಂತಿದ್ದಾಳೆ. ಆ ಬಂಡೆ ನಿಮ್ಮ ಮಧುಗಿರಿ ಬೆಟ್ಟವೇ, ಆಣೆ ಮಾಡಿ ಹೇಳುತ್ತೇನೆ. ಅಂಗಡಿಯಲ್ಲೇ ಕುಣಿಯುವಂತಾಯಿತು.

ಎಂದಿನಂತೆ ನಮ್ಮಣ್ಣ ರಿಯಾಜ್ ಭಾಯ್‌ನ ಬೈಂಡಿಂಗ್ ಅಂಗಡಿಗೆ ಓಡಿದೆ. ಒಂದೇ ಪ್ರತಿ ಕೊಂಡು, ನಡುವೆ ಕತ್ತರಿಸಿ, ಎರಡು ಪುಸ್ತಕ ಮಾಡಿಸುವ ನಮ್ಮ ಹುಚ್ಚು ಅವನಿಗೆ ಇನ್ನೂ ಅರ್ಥವಾಗಿಲ್ಲ. ಮೊದಲರ್ಧ ನಾನು ಮುಗಿಸಿ ಬಸ್ಸಿಗೆ ಕೊಡಬೇಕು, ಅದನ್ನು ನೀನು ಓದುವಾಗ ನಾನು ಎರಡನೆಯದರಲ್ಲಿ ಇರಬೇಕು. ಯಾರೂ ಕಾಯುವ ಹಾಗಿಲ್ಲ. ಈ ಸಲ ಏನು ಮಾಡಿದ ಗೊತ್ತಾ? ಚಿತ್ತಾರಿ ಏಳನೇ ಗವಿಯ ಬಾಗಿಲು ತಳ್ಳುತ್ತಾಳೆ, “ಒಳಗೆ ಕೂತಿದ್ದವನು” ಅನ್ನುವಷ್ಟರಲ್ಲಿ ಕತ್ತರಿಸಿಬಿಟ್ಟಿದ್ದಾನೆ! ಚೆನ್ನಾಗಿ ಬೈದೆ. “ಪುಟದ ಕಟ್ಟು, ಅದೇ ಫಾರಂ, ಎಣಿಸಿ ಕತ್ತರಿಸ್ತೀನಿ ಕಣಮ್ಮ. ಕತೆ ನೋಡಿ ಕತ್ತರಿಸಕ್ಕೆ ನಾನೇನು ಓದ್ಕೊಂಡ್ ಕೂತಿದೀನಾ?” ಎಂದ.

ಮೊದಲರ್ಧ ಮೂರೇ ದಿನಕ್ಕೆ ಮುಗಿಯಿತು. ಹೇಗಿದೆ ಅಂತೀಯಾ? ನನಗೇ ಗೊತ್ತಾಗುತ್ತಿಲ್ಲ. ಉಪ್ಪಿನ ಸೇತುವೆ ದಾಟುವ ಅಧ್ಯಾಯಕ್ಕೆ ಮೈ ಜುಮ್ಮೆಂದಿತು, ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ. ಆದರೆ ಆ ಸೊಟ್ಟಮೂತಿ ರಾಜಕುಮಾರನ ಪಟ್ಟಾಭಿಷೇಕಕ್ಕೆ ನಲವತ್ತು ಪುಟ! ಅವನ ಕಿರೀಟದ ಹರಳು ಎಣಿಸುವ ಬದಲು ಚಿತ್ತಾರಿಗೆ ನಾಲ್ಕು ಮಾತು ಕೊಡಬಾರದಿತ್ತೇ? ಬಾಗಿಲು ಕಾಯುವ ಬೊಮ್ಮಜ್ಜ ಇಲ್ಲದ ಗವಿ ನನಗೆ ಗವಿ ಅನ್ನಿಸಲೇ ಇಲ್ಲ. ಲೇಖಕಿ ಎದುರಿಗೆ ಸಿಕ್ಕರೆ ಜಗಳ ಗ್ಯಾರಂಟಿ. ಆದರೂ ಪುಟ ಕಡಿಮೆಯಾದಂತೆ ಒಂದೊಂದೇ ಸಾಲು ನಿಧಾನವಾಗಿ ಓದತೊಡಗಿದೆ. ಇದೂ ಮುಗಿದರೆ ಮುಂದೆ ಯಾವುದಕ್ಕೆ ಕಾಯುವುದು? ನಾನು ಕಣ್ಣೊರೆಸಿಕೊಂಡದ್ದನ್ನು ನಮ್ಮಜ್ಜಿ ಅಮೀರ್ ಬಿ ನೋಡಿಬಿಟ್ಟರು. “ಅರೇ ಬೇಟಿ, ಕತೆ ಮುಗೀತದೆ ಅಂತ ಒಬ್ಳೇ ಅಳ್ತಾರಾ? ಆ ಮಧುಗಿರಿ ಹುಡುಗೀನ ಕರಿ, ಇಬ್ರೂ ಕೂತ್ಕಂಡು ಅಳ್ರಿ” ಅಂದರು.

ಅದಕ್ಕೇ ಈ ಸಲ ಎರಡೂ ಅರ್ಧ ನಿನಗೇ ಕಳಿಸುತ್ತಿದ್ದೇನೆ. ಎರಡನೆಯದಕ್ಕೆ ಅಣ್ಣ ಕಟ್ಟಿಕೊಟ್ಟ ದಾರವನ್ನು ನಾನು ಬಿಚ್ಚಿಲ್ಲ. ಒಂಬತ್ತು ದಿನದಿಂದ ಕೈ ತುರಿಸುತ್ತಿದೆ, ನಂಬು. ಕೊನೆಯನ್ನು ಮೊದಲು ನೀನೇ ಓದಬೇಕು. ನಮ್ಮ ಬಸ್ಸಿನ ಕಂಡಕ್ಟರ್ ಹಾಲೇಶಣ್ಣನಿಗೆ ಪಾರ್ಸಲ್ ಇದೆ ಎಂದರೆ ಅವರ ಮುಖ ಅರಳಿತು. “ಎಲ್ಡು ವರ್ಸದಿಂದ ಪುಸ್ತಕಾನೇ ಬರ್ಲಿಲ್ವಲ್ಲಮ್ಮಾ, ಇಬ್ರೂ ಓದೋದೇ ಬುಟ್ಬುಟ್ರೇನೋ ಅಂದ್ಕಂಡಿದ್ದೆ. ಕೊಡು, ಈ ಸಲ ಮನೆಗೇ ಹೋಗಿ ಕೊಟ್ಬುಟ್ ಬತ್ತೀನಿ” ಎಂದರು.

ಅಮ್ಮನಿಗೆ ನನ್ನ ಸಲಾಂ. ನಿನ್ನ ಕ್ಲಾಸಿನ ಮಕ್ಕಳಿಗೆಲ್ಲ ನಮ್ಮ ಕತೆಯ ಹುಚ್ಚು ಹತ್ತಲಿ. ಅಲ್ಲಾಹ್ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ
ಗೌಸಿಯಾ

ತಾ.ಕ.: ಆರನೇ ಪುಸ್ತಕದ ಎರಡನೇ ಅರ್ಧ ಇನ್ನೂ ನನ್ನ ಹತ್ತಿರವೇ ಇದ್ದಾಗ, ಬಿ.ಎಡ್. ಸೀಟು ಸಿಕ್ಕಿತು ಎಂದು ಕುಣಿಯುತ್ತಾ ನೀನು ಫೋನ್ ಮಾಡಿದೆ. ನಾನು ಒಳ್ಳೆಯ ಮಾತು ಒಂದೂ ಆಡದೆ, “ಬೊಮ್ಮಜ್ಜ ಕೊನೆಗೆ ಸಾಯ್ತಾನೆ ಕಣೇ” ಅಂದುಬಿಟ್ಟೆ. ಬೊಮ್ಮಜ್ಜ ನಿನ್ನ ಪ್ರಾಣ ಎಂದು ಗೊತ್ತಿದ್ದೂ ಅಂದೆ. ಬಾಯಿ ತಪ್ಪಿತು ಎಂದು ಆಮೇಲೆ ಎಷ್ಟು ಸಲ ಹೇಳಿದರೂ ನೀನು ನಂಬಲಿಲ್ಲ. ನಂಬದೆ ಇದ್ದದ್ದು ಸರಿ. ಬಾಯಿ ತಪ್ಪಿರಲಿಲ್ಲ. ಇನ್ನು ಓದಿದ್ದು ಸಾಕು ಎಂದು ಮನೆಯಲ್ಲಿ ನನಗೆ ಹೇಳಿದ ವಾರ ಅದು. ನಿನ್ನ ಖುಷಿ ನನ್ನಿಂದ ಸಹಿಸಲಾಗಲಿಲ್ಲ, ಬೇಕೆಂದೇ ಕೆಡಿಸಿದೆ. ಈಗ ನಿನ್ನ ಸರದಿ. ದಾರ ಬಿಚ್ಚು, ಓದು, ಬಾಗಿಲ ಒಳಗೆ ಕೂತಿದ್ದವನು ಯಾರು, ಚಿತ್ತಾರಿ ಉಳಿದಳೋ ಇಲ್ಲವೋ, ಎಲ್ಲ ಹೇಳಿ ನನಗೂ ಕೆಡಿಸು. ಕೆಡಿಸುವುದಕ್ಕಾದರೂ ಫೋನ್ ಮಾಡೇ.